ಹಂಪ್ಸ್ ದಾಟೋ ಕಾರಿಗೆ ಯಾವ ಕಾಯ್ಲೋವರ್? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಟೈರ್ ಬಗ್ಗೆ ಬರೆದು ಕೊನೇಲಿ ಸಸ್ಪೆನ್ಷನ್ ಬಗ್ಗೆ ಏನಾದ್ರೂ ಇದ್ರೆ ಕೇಳಿ ಅಂದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಾಯ್ಲೋವರ್ ಬಗ್ಗೆನೇ, ಹಾಗಾಗಿ ಈ ಸಲ ಪೂರ್ತಿ ಅದೇ ಇರ್ಲಿ. ಹೊಸಬರಿಗೆ ಒಂದು ಮಾತು: ಕಾಯ್ಲೋವರ್ ಅಂದ್ರೆ ಸ್ಪ್ರಿಂಗು ಶಾಕಪ್ಸರ್ ಎರಡೂ ಒಂದಕ್ಕೊಂದು ಹೊಂದಿಸಿ ಕೊಡೋ ಸೆಟ್ಟು. ಶಾಕಪ್ಸರ್ ಮೈಮೇಲೆ ಥ್ರೆಡ್ ಇರತ್ತೆ, ಸ್ಪ್ರಿಂಗ್ ಕೂರೋ ಕಾಲರ್ ತಿರುಗಿಸಿದ್ರೆ ಕಾರಿನ ಎತ್ತರ ಹೆಚ್ಚುಕಮ್ಮಿ ಮಾಡ್ಬಹುದು. ದಿನಾ ರೋಡಲ್ಲಿ ಓಡೋ ಕಾರುಗಳನ್ನ ಮನಸ್ಸಲ್ಲಿಟ್ಕೊಂಡೇ ಉತ್ತರ ಬರೆದಿದೀನಿ, ಟ್ರ್ಯಾಕಿಗೆ ಅಂತಾನೇ ಕಟ್ಟಿದ ಕಾರುಗಳ ಲೆಕ್ಕ ಬೇರೆ.

ಪ್ರಶ್ನೆ: ಸರ್ ನಮಸ್ಕಾರ. ನಂದು 2015ರ ಪೋಲೋ ಜಿಟಿ ಟಿಎಸ್‌ಐ, 78 ಸಾವಿರ ಕಿಮೀ ಆಗಿದೆ, ಇಂಜಿನ್ ಸ್ಟೇಜ್ 1 (ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸೋದು) ಮಾಡಿಸಿದೀನಿ. ದಿನಾ ಸರ್ಜಾಪುರ ರೋಡಲ್ಲಿ ಆಫೀಸಿಗೆ ಹೋಗ್ತೀನಿ, ತಿಂಗಳಿಗೊಂದು ಸಲ ಚಿಕ್ಕಮಗಳೂರು ಕಡೆ. ಸ್ಪೀಡಲ್ಲಿ ಕಾರು ತೇಲಿದ ಹಾಗಾಗತ್ತೆ, ಬ್ರೇಕ್ ಹೊಡೆದ್ರೆ ಮೂತಿ ಮುಳುಗತ್ತೆ. ಬಜೆಟ್ 1.2 ಲಕ್ಷ. ಫ್ರೆಂಡ್ 30 ಕ್ಲಿಕ್ (ಶಾಕಪ್ಸರ್ ಬಿಗಿ ಬದಲಾಯಿಸೋ ಹಂತ) ಇರೋದು ತಗೋ ಅಂತಾನೆ, ಇನ್ನೊಬ್ಬ ಜರ್ಮನ್ ಸೆಟ್ಟೇ ಬೇಕು ಅಂತಾನೆ. ಯಾವುದು ತಗೊಳ್ಳಲಿ?
(ಬೆಂಗಳೂರಿನ ಓದುಗರು)

ಉತ್ತರ: ಕಂಪನಿ ಹೆಸರಿಗೆ ಆಮೇಲೆ ಬರೋಣ, ಮೊದಲು ನಿಮ್ಮ ಕಾರು ಈಗ ಯಾವ ಸ್ಥಿತೀಲಿದೆ ಅಂತ ನೋಡ್ಬೇಕು. ನಮ್ಮ ರೋಡಲ್ಲಿ 78 ಸಾವಿರ ಓಡಿದ ಶಾಕಪ್ಸರು ಹೆಚ್ಚಿನ ಪಾಲು ಸತ್ತೇ ಇರತ್ತೆ. ನೀವು ಹೇಳೋ ತೇಲಾಟ, ಮೂತಿ ಮುಳುಗೋದು ಎರಡೂ ಅದರದ್ದೇ ಲಕ್ಷಣ. ಹಾಗಾಗಿ ನೀವು ಕಾಯ್ಲೋವರ್ ಹಾಕಿಸಿದ ದಿನ ಆಹಾ ಅನ್ನಿಸೋ ಸುಖದಲ್ಲಿ ಅರ್ಧ ಬರೀ ಹೊಸ ಶಾಕಪ್ಸರ್ ಹಾಕಿದ್ರೂ ಸಿಗ್ತಿತ್ತು ಅನ್ನೋದು ಗೊತ್ತಿರ್ಲಿ. ಕಾರನ್ನ ಲಿಫ್ಟಿಗೆ ಹಾಕ್ಸಿ, ಶಾಕಪ್ಸರ್ ಮೈಮೇಲೆ ಎಣ್ಣೆ ಜಿನುಗಿದ್ಯಾ, ಲೋಯರ್ ಆರ್ಮ್ (ಚಕ್ರವನ್ನ ಕಾರಿನ ಮೈಗೆ ಸೇರಿಸೋ ಕೆಳಗಿನ ತೋಳು) ಬುಷ್ ಬಿರುಕು ಬಿಟ್ಟಿದ್ಯಾ, ಬಾಲ್ ಜಾಯಿಂಟಲ್ಲಿ ಆಟ ಇದ್ಯಾ, ಲಿಂಕ್ ರಾಡ್ ಕಟಕಟ ಅಂತಿದ್ಯಾ, ಟಾಪ್ ಮೌಂಟ್ ರಬ್ಬರ್ ಕೂತ್ಹೋಗಿದ್ಯಾ ಎಲ್ಲಾ ನೋಡ್ಸಿ. ಟೈರಿನ ಮೇಲೆ ಅಂಗೈ ಆಡಿಸಿದಾಗ ಗುಳಿ ಗುಳಿಯಾಗಿ ಸಿಕ್ಕಿದ್ರೆ ಶಾಕಪ್ಸರ್ ಚಕ್ರನ ಹಿಡ್ಕೊಳ್ತಾ ಇಲ್ಲ, ಚಕ್ರ ರೋಡ್ ಮೇಲೆ ಕುಣೀತಾ ಹೋಗ್ತಿದೆ ಅಂತ ಅರ್ಥ. ಸವೆದ ಬುಷ್ ಮೇಲೆ ಲಕ್ಷ ರೂಪಾಯಿ ಕಾಯ್ಲೋವರ್ ಕೂರಿಸಿದ್ರೆ ಶಬ್ದ ಜಾಸ್ತಿಯಾಗತ್ತೆ, ಸ್ಟೇರಿಂಗ್ ಹಿಡಿತ ಬರಲ್ಲ. ನಿಮ್ಮ ಬಜೆಟ್ಟಲ್ಲಿ ಬುಷ್ಷು, ಟಾಪ್ ಮೌಂಟು, ಅಲೈನ್‌ಮೆಂಟಿಗೆ ಅಂತ ಒಂದು ಭಾಗ ಮೊದಲೇ ತೆಗೆದಿಟ್ಟು ಉಳಿದಿದ್ದರಲ್ಲಿ ಸೆಟ್ ಹುಡುಕಿ.

ಈಗ ಸ್ಪ್ರಿಂಗ್. ಅಂಗಡಿಯವರು ಕ್ಲಿಕ್ ಎಷ್ಟು ಅಂತ ಹೇಳ್ತಾರೆ, ನೀವು ಮೊದಲು ಕೇಳ್ಬೇಕಾಗಿದ್ದು ಸ್ಪ್ರಿಂಗ್ ರೇಟ್ ಎಷ್ಟು ಅಂತ, ಅಂದ್ರೆ ಸ್ಪ್ರಿಂಗನ್ನ 1 ಮಿಮೀ ಅದುಮೋಕೆ ಎಷ್ಟು ಕೆಜಿ ಬೇಕು. ಒಂದು ಸಣ್ಣ ಲೆಕ್ಕ ಹೇಳ್ತೀನಿ, ಇದನ್ನ ಮಾಡಿದ್ರೆ ಯಾರೂ ನಿಮಗೆ ತಪ್ಪು ಸೆಟ್ ಮಾರೋಕಾಗಲ್ಲ. ನಿಮ್ಮ ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಮೇಲೆ ಕೂತಿರೋ ತೂಕ ಸುಮಾರು 300 ಕೆಜಿ ಅಂತ ಇಟ್ಕೊಳ್ಳಿ. 2.5 ಕೆಜಿ ಸ್ಪ್ರಿಂಗ್ ಇದ್ರೆ ಆ ಮೂಲೆ ಸೆಕೆಂಡಿಗೆ 1.4 ಸಲ ಮೇಲೆ ಕೆಳಗೆ ಆಡತ್ತೆ, ಮನೆಯವರನ್ನ ಕೂರಿಸ್ಕೊಂಡು ಹೋಗೋ ಕಾರಿಗೆ ಹಿತವಾದ ಲೆಕ್ಕ ಅದು. 3.5 ಕೆಜಿ ಹಾಕಿದ್ರೆ 1.7 ಸಲ, 4 ಕೆಜಿಗೆ 1.8, 5 ಕೆಜಿಗೆ 2 ಸಲ. 8 ಕೆಜಿ ಹಾಕಿದ್ರೆ 2.6 ಆಗತ್ತೆ, ಅದು ರೇಸ್ ಕಾರಿನ ಲೆಕ್ಕ, ಕೊಯಮತ್ತೂರಿನ ಕರಿ ಅನ್ನೋ ರೇಸ್ ಟ್ರ್ಯಾಕಲ್ಲಿ ಸೊಗಸಾಗಿರತ್ತೆ, ಸರ್ಜಾಪುರ ರೋಡಲ್ಲಿ ಬೆನ್ನುಮೂಳೆ ಎಣಿಸ್ಕೊಳ್ಬೇಕಾಗತ್ತೆ. ನನ್ನ ಅನುಭವದಲ್ಲಿ ನಮ್ಮೂರ ರೋಡಿಗೆ ಹುರುಪಾಗಿ ಓಡ್ಸೋ ಕಾರಿಗೆ 1.6ರಿಂದ 1.9ರ ಒಳಗೆ ಇದ್ರೆ ಸಾಕು, 2 ದಾಟಿದ್ರೆ ಕಿತ್ತುಹೋದ ಟಾರಲ್ಲಿ ಟೈರ್ ರೋಡನ್ನ ಬಿಟ್ಟು ಹಾರೋಕೆ ಶುರು ಮಾಡತ್ತೆ, ಅಲ್ಲಿಗೆ ಗ್ರಿಪ್ ಹೆಚ್ಚಿಸೋಕೆ ಅಂತ ಖರ್ಚು ಮಾಡಿದ ದುಡ್ಡೇ ಗ್ರಿಪ್ ಕಳೆಯತ್ತೆ.

ಗಮನಿಸಿ, ಸ್ಪ್ರಿಂಗ್ ಡಬಲ್ ಮಾಡಿದ್ರೆ ಆ ಆಟ ಡಬಲ್ ಆಗಲ್ಲ, 1.4 ಪಟ್ಟು ಆಗತ್ತೆ ಅಷ್ಟೆ. ಶಾಕಪ್ಸರ್ ಹಿಡಿಯೋ ಬಲಾನೂ ಅದೇ ಲೆಕ್ಕದಲ್ಲಿ ಏರ್ಬೇಕು. ಇಲ್ಲಾಂದ್ರೆ ಬಿಗಿ ಸ್ಪ್ರಿಂಗು ಸಡಿಲ ಶಾಕಪ್ಸರು ಜೋಡಿಯಾಗಿ ಕಾರು ಚೆಂಡಿನ ಹಾಗೆ ಪುಟಿಯತ್ತೆ.

ನಿಮ್ಮ ಪೋಲೋದಲ್ಲಿ ಇನ್ನೊಂದು ವಿಷಯ ಇದೆ. ಮುಂದುಗಡೆ ಮ್ಯಾಕ್‌ಫರ್ಸನ್ ಸ್ಟ್ರಟ್ಟು, ಅಲ್ಲಿ ಸ್ಪ್ರಿಂಗು ಶಾಕಪ್ಸರ್ ಒಂದೇ ಜಾಗದಲ್ಲಿರೋದ್ರಿಂದ ನಿಜವಾದ ಕಾಯ್ಲೋವರ್ ಕೂರತ್ತೆ. ಹಿಂದೆ ಟ್ವಿಸ್ಟ್ ಬೀಮ್, ಸ್ಪ್ರಿಂಗ್ ಒಂದು ಕಡೆ ಶಾಕಪ್ಸರ್ ಒಂದು ಕಡೆ, ಹಾಗಾಗಿ ಸೆಟ್ಟಲ್ಲಿ ಹಿಂದಕ್ಕೆ ಬೇರೆ ಸ್ಪ್ರಿಂಗು, ಅದರ ಎತ್ತರ ಹೊಂದಿಸೋ ತಿರುಪು, ಬೇರೆ ಶಾಕಪ್ಸರ್ ಬರತ್ತೆ. ಡಬ್ಬ ತೆಗೆದು ನೋಡಿ ಇದೇನು ಹಿಂದಿನದು ಕಾಯ್ಲೋವರೇ ಅಲ್ವಲ್ಲ, ಮೋಸ ಅಂತ ಫೋನ್ ಮಾಡಿದವರು ಇದ್ದಾರೆ, ಮೋಸ ಅಲ್ಲ, ನಿಮ್ಮ ಕಾರಿನ ಕಟ್ಟೋಣವೇ ಹಾಗಿದೆ. ಹಿಂದಿನ ಸ್ಪ್ರಿಂಗ್ ರೇಟ್ ಮುಂದಿನದಕ್ಕಿಂತ ಜಾಸ್ತಿ ಕಂಡ್ರೂ ಗಾಬರಿ ಬೇಡ. ಅದು ಚಕ್ರದಿಂದ ಸ್ವಲ್ಪ ಒಳಗೆ ಕೂತಿರತ್ತೆ, ಚಕ್ರ 10 ಮಿಮೀ ಎದ್ರೆ ಸ್ಪ್ರಿಂಗ್ 8 ಮಿಮೀ ಮಾತ್ರ ಅದುಮಿದ್ರೆ ಚಕ್ರದ ಹತ್ರ ಸಿಗೋ ಬಿಗಿ ಸ್ಪ್ರಿಂಗಿನ ಶೇಕಡಾ 64 ಮಾತ್ರ (0.8 × 0.8 ಲೆಕ್ಕ).

ಇನ್ನು ಎತ್ತರ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಇದೇ. ಯುರೋಪಿನ ಸೆಟ್ಟಲ್ಲಿ 30ರಿಂದ 60 ಮಿಮೀ ಇಳಿಯತ್ತೆ ಅಂತ ಬರೆದಿದ್ರೆ ಅದು ಅಲ್ಲಿನ ಕಾರಿನ ಎತ್ತರದಿಂದ ಲೆಕ್ಕ. ಇಂಡಿಯಾಗೆ ಬರೋ ಕಾರನ್ನ ಕಂಪನಿಯವರೇ ಎತ್ತರ ಮಾಡಿರ್ತಾರೆ, ಆದ್ದರಿಂದ ಇಲ್ಲಿ ಅದೇ ಸೆಟ್ ಹಾಕಿದ್ರೆ ಬರೆದಿದ್ದಕ್ಕಿಂತ ಜಾಸ್ತಿ ಇಳಿದ ಹಾಗೆ ಕಾಣತ್ತೆ. ಎಷ್ಟು ಕೆಳಗೆ ಹೋಗತ್ತೆ ಅಂತ ಕೇಳ್ಬೇಡಿ, ಕಾಲರ್ ಎಲ್ಲಕ್ಕಿಂತ ಮೇಲಿಟ್ರೆ ಎಷ್ಟು ಎತ್ತರ ಸಿಗತ್ತೆ ಅಂತ ಕೇಳಿ, ನೀವು ಕೊನೆಗೆ ಓಡಿಸೋದು ಅಲ್ಲೇ. ಕಂಪನಿ ಎತ್ತರಕ್ಕಿಂತ 15ರಿಂದ 20 ಮಿಮೀ ಕೆಳಗೆ, ಅದಕ್ಕಿಂತ ಬೇಡ. ರಸ್ತೆ ಹಂಪಿಗೆ ಒಂದು ಅಳತೆ ಇದೆ, 10 ಸೆಂಮೀ ಎತ್ತರ, 3.7 ಮೀಟರ್ ಅಗಲ, 25 ಕಿಮೀ ಸ್ಪೀಡಲ್ಲಿ ಆರಾಮಾಗಿ ದಾಟೋ ಹಾಗೆ. ನಮ್ಮ ಲೇಔಟುಗಳಲ್ಲಿ ಜನ ತಾವೇ ಹಾಕ್ಸೋ ಹಂಪ್ಸ್ ಎತ್ತರ ಅಷ್ಟೇ ಅಥವಾ ಜಾಸ್ತಿ, ಅಗಲ ಮಾತ್ರ ಒಂದು ಹೆಜ್ಜೆ. ಅದರ ಮೇಲೆ ಚೇಂಬರ್ (ಇಂಜಿನ್ ತಳದ ಎಣ್ಣೆ ತೊಟ್ಟಿ) ತಾಗಿಸ್ಕೊಂಡು ದಿನಾ ಎದೆ ಝಲ್ ಅನ್ನಿಸ್ಕೊಳ್ಳೋ ಕಾರನ್ನ ಆರು ತಿಂಗಳಲ್ಲಿ ನೀವೇ ದ್ವೇಷಿಸ್ತೀರ.

ಕಂಪನಿ ವಿಷಯ. ಬಿಲ್‌ಸ್ಟೈನ್ ಬಿ14 ಅಲ್ಲಿ ಎತ್ತರ ಮಾತ್ರ ಹೊಂದಿಸ್ಬಹುದು, ಶಾಕಪ್ಸರ್ ಬಿಗಿ ಅವರೇ ಫಿಕ್ಸ್ ಮಾಡಿರ್ತಾರೆ, ಬಿ16 ಅಲ್ಲಿ 10 ಹಂತ ಇದೆ, ಎರಡೂ ಮಾನೋಟ್ಯೂಬ್, ಅಂದ್ರೆ ಎಣ್ಣೆ ಗ್ಯಾಸು ಎರಡೂ ಒಂದೇ ಕೊಳವೇಲಿ. ಕೆಡಬ್ಲ್ಯೂ ಕಂಪನಿಯ ವೇರಿಯಂಟ್ 1ರಲ್ಲಿ ಬರೀ ಎತ್ತರ, 2ರಲ್ಲಿ ರೀಬೌಂಡ್ ಸೇರತ್ತೆ, 3ರಲ್ಲಿ ಕಂಪ್ರೆಷನ್ನೂ ಸೇರತ್ತೆ (ಇವೆರಡು ಏನು ಅಂತ ಕೆಳಗೆ ಹುಬ್ಬಳ್ಳಿಯವರ ಉತ್ತರದಲ್ಲಿದೆ), ಇವು ಟ್ವಿನ್ ಟ್ಯೂಬ್, ಅಂದ್ರೆ ಕೊಳವೆ ಒಳಗೊಂದು ಕೊಳವೆ. ನಿಮ್ಮ ಫ್ರೆಂಡ್ ಹೇಳ್ತಿರೋ 30 ಕ್ಲಿಕ್ಕಿನದು ತೈವಾನಿನ ಬಿಸಿ ರೇಸಿಂಗ್ ಇರ್ಬೇಕು, ಅದರಲ್ಲಿ ಕೆಳಗಿನ ಬ್ರಾಕೆಟ್ ತಿರುಗಿಸಿ ಎತ್ತರ ಬದಲಾಯಿಸ್ಬಹುದು, ಶಾಕಪ್ಸರಿನ ಟ್ರಾವೆಲ್, ಅಂದ್ರೆ ಅದು ಮೇಲೆ ಕೆಳಗೆ ಆಡೋ ಜಾಗ, ಕಮ್ಮಿಯಾಗಲ್ಲ, ಇದು ನಿಜವಾಗ್ಲೂ ಒಳ್ಳೇ ಗುಣ, ಸ್ಪ್ರಿಂಗ್ ರೇಟನ್ನ ಆರ್ಡರ್ ಕೊಡುವಾಗಲೇ ಮೆದು ಮಾಡಿ ಕೇಳೋದು ಮರೀಬೇಡಿ. ನನ್ನ ಅಭಿಪ್ರಾಯ ಕೇಳಿದ್ರೆ ಸ್ಪ್ಯಾನರ್ ಹಿಡ್ಕೊಂಡು ವಾರಾಂತ್ಯ ಕಳೆಯೋ ಆಸೆ ನಿಮಗಿಲ್ಲದಿದ್ರೆ ಎತ್ತರ ಮಾತ್ರ ಹೊಂದಿಸೋ, ಕಾರ್ಖಾನೆಯಲ್ಲೇ ಬಿಗಿ ಗೊತ್ತುಮಾಡಿದ ಸೆಟ್ಟೇ ನಿಮಗೆ ಸರಿ. ಶಾಕಪ್ಸರ್ ವಾಲ್ವಿಂಗ್ (ಒಳಗಿನ ವಾಲ್ವ್ ಹೊಂದಿಸಿ ಬಿಗಿ ಗೊತ್ತುಮಾಡೋದು) ಮಾಡೋಕೆ ಅಂತಾನೇ ಜೀವನ ಇಟ್ಟವರು ಆ ಕಾರನ್ನ ಓಡಿಸಿ ಓಡಿಸಿ ಹೊಂದಿಸಿದ ಒಂದು ಸೆಟ್ಟಿಂಗು ಗೊತ್ತುಗುರಿ ಇಲ್ಲದ 30 ಕ್ಲಿಕ್ಕಿಗಿಂತ ಎಷ್ಟೋ ಮೇಲು.

ಹಾಕ್ಸಿದ ಮೇಲೆ ಒಂದು ಕೆಲಸ ಮಾಡಿ. ಶಾಕಪ್ಸರಿನ ಹೊಳೆಯೋ ಕಂಬಿಗೆ ಒಂದು ಸಣ್ಣ ಪ್ಲಾಸ್ಟಿಕ್ ಟೈ ಕಟ್ಟಿ ಕೆಳಗೆ ಸೀಲಿನ ತನಕ ಸರಿಸಿಡಿ. ಆಮೇಲೆ ಒಂದು ವಾರ ಆಫೀಸಿಗೆ ಹೋಗ್ಬನ್ನಿ. ಕಾರು ಕೆಳಗೆ ಕೂತಾಗೆಲ್ಲಾ ಸೀಲು ಆ ಟೈಯನ್ನ ಮೇಲಕ್ಕೆ ತಳ್ಳತ್ತೆ, ಎಲ್ಲಿ ನಿಂತಿದ್ಯೋ ಅಲ್ಲೀವರೆಗೂ ನಿಮ್ಮ ಶಾಕಪ್ಸರ್ ಹೋಗಿದೆ ಅಂತ. ಅದು ಬಂಪ್ ಸ್ಟಾಪಿನ (ಕೊನೇ ಹೊಡೆತ ತಡೆಯೋ ರಬ್ಬರ್ ತುಂಡು) ಒಳಗೇ ಹೋಗಿ ಸಿಕ್ಕೊಂಡಿದ್ರೆ ಕಾರನ್ನ 5 ಮಿಮೀ ಎತ್ತಿ ಮತ್ತೆ ನೋಡಿ. ಹತ್ತು ಪೈಸೆ ಖರ್ಚಿಲ್ಲದ ಪರೀಕ್ಷೆ, ಮಾಡೋರು ಮಾತ್ರ ಬಹಳ ಕಮ್ಮಿ.

ಪ್ರಶ್ನೆ: ಕಾಯ್ಲೋವರಿಗೆ ದುಡ್ಡಿಲ್ಲ. ಕಂಪನಿ ಶಾಕಪ್ಸರ್ ಇಟ್ಕೊಂಡು ಬರೀ ಲೋಯರಿಂಗ್ ಸ್ಪ್ರಿಂಗ್ ಹಾಕ್ಬಹುದಾ?
(ದಾವಣಗೆರೆಯ ಓದುಗರು)

ಉತ್ತರ: ಶಾಕಪ್ಸರ್ ಹೊಸದಾಗಿದ್ದು, ಒಳ್ಳೇ ಬ್ರ್ಯಾಂಡಿನ ಲೋಯರಿಂಗ್ ಸ್ಪ್ರಿಂಗ್ ಆಗಿದ್ದು, 25 ಮಿಮೀ ಒಳಗೆ ಇಳಿಯೋದಾದ್ರೆ ಪರವಾಗಿಲ್ಲ. ಹಳೇ ಶಾಕಪ್ಸರ್ ಮೇಲೆ ಹಾಕ್ಬೇಡಿ. ಕಂಪನಿ ಸ್ಪ್ರಿಂಗನ್ನೇ ಕಟ್ ಮಾಡಿಸೋ ಯೋಚನೆ ಇದ್ರಂತೂ ದಯವಿಟ್ಟು ಬಿಟ್ಬಿಡಿ, ಜಾಕ್ ಹಾಕಿ ಎತ್ತಿದಾಗ ಅಥವಾ ಹಂಪ್ ಇಳಿಯುವಾಗ ಸ್ಪ್ರಿಂಗ್ ತನ್ನ ಸೀಟ್ ಬಿಟ್ಟು ಜಾರತ್ತೆ. ಅದೇ ದುಡ್ಡಲ್ಲಿ ಒಳ್ಳೇ ಟೈರ್ ಹಾಕ್ಸಿ.

ಪ್ರಶ್ನೆ: ಐ20 ಎನ್ ಲೈನ್ ಕಾರಿಗೆ ಡ್ಯಾಂಪಿಂಗ್ (ಶಾಕಪ್ಸರ್ ಬಿಗಿ) ಅಡ್ಜಸ್ಟ್ ಮಾಡೋ ಸೆಟ್ ಹಾಕ್ಸೇನ್ರೀ. ಮ್ಯಾಲೆ ನಾಬ್ ಅದಾವು, ಫಿಟ್ಟಿಂಗ್ ಮಾಡಿದವ್ರು ಎಲ್ಲಾ ನಡುವಿಗೆ ಇಟ್ಟು ಕೊಟ್ಟಾರ. ಪುಣೆ ಹೈವೇದಾಗ ಚೊಲೋ ಇರ್ತದ, ಊರಾಗ ಬಂದ್ರ ಒಂದರ ಹಿಂದ ಒಂದ ಗುಂಡಿ ಬಂದ್ರ ಕಾರು ಕುಸಕೋತ ಹೋಗ್ತದ, ಕಡೀಕ ಧಡ್ ಅಂತದ. ಇನ್ನೂ ಬಿಗಿ ಮಾಡ್ಬೇಕೇನ್ರೀ?
(ಹುಬ್ಬಳ್ಳಿಯ ಓದುಗರು)

ಉತ್ತರ: ನೀವು ಬರೆದಿರೋ "ಕುಸಕೋತ ಹೋಗ್ತದ" ಅನ್ನೋ ಮಾತಲ್ಲೇ ರೋಗ ಏನು ಅಂತ ಇದೆ, ಬಿಗಿ ಮಾಡ್ಬೇಡಿ, ಸಡಿಲ ಮಾಡಿ.

ಶಾಕಪ್ಸರಿಗೆ ಎರಡು ಕೆಲಸ. ಚಕ್ರ ಗುಡ್ಡೆ ಹತ್ತುವಾಗ ಕಂಬಿ ಒಳಗೆ ಹೋಗತ್ತೆ, ಅದನ್ನ ತಡೆಯೋದು ಕಂಪ್ರೆಷನ್. ಗುಡ್ಡೆ ದಾಟಿದ ಮೇಲೆ ಅದುಮಿಕೊಂಡ ಸ್ಪ್ರಿಂಗ್ ಬಿಚ್ಚಿಕೊಳ್ಳತ್ತೆ, ಅದು ರಪ್ ಅಂತ ಬಿಚ್ಚಿಕೊಳ್ಳದ ಹಾಗೆ ಹಿಡಿಯೋದು ರೀಬೌಂಡ್. ಒಂದೇ ನಾಬ್ ಇರೋ ಸೆಟ್ಟುಗಳಲ್ಲಿ ಆ ನಾಬು ಹೆಚ್ಚಾಗಿ ರೀಬೌಂಡನ್ನ ಬದಲಾಯಿಸತ್ತೆ, ಕಂಪ್ರೆಷನ್ ಅದರ ಜೊತೆಗೆ ಸ್ವಲ್ಪ ಬದಲಾಗತ್ತೆ. ರೀಬೌಂಡ್ ಅತಿ ಬಿಗಿಯಾದ್ರೆ ಮೊದಲ ಗುಂಡಿಯಲ್ಲಿ ಅದುಮಿಕೊಂಡ ಸ್ಪ್ರಿಂಗು ಪೂರ್ತಿ ವಾಪಸ್ ಬರೋ ಮುಂಚೆನೇ ಎರಡನೇ ಗುಂಡಿ ಬರತ್ತೆ, ಮೂರನೇದು ಬರತ್ತೆ, ಪ್ರತಿ ಸಲ ಕಾರು ಇಷ್ಟಿಷ್ಟೇ ಕೆಳಗೆ ಇಳಿದು ಕೊನೆಗೆ ಬಂಪ್ ಸ್ಟಾಪ್ ಮೇಲೆ ಕೂರತ್ತೆ, ಆ ಧಡ್ ಶಬ್ದ ಅದೇ. ಹೈವೇಲಿ ಗುಂಡಿ ಸಾಲಾಗಿ ಬರಲ್ಲ ಹಾಗಾಗಿ ಅಲ್ಲಿ ಗೊತ್ತಾಗಲ್ಲ.

ಹೊಂದಿಸೋ ಕ್ರಮ ಹೀಗೆ. ಯಾವಾಗ್ಲೂ ಪೂರ್ತಿ ಬಿಗಿ ಇರೋ ಕಡೆಯಿಂದ ಎಣಿಸಿ, ಮೆಲ್ಲಗೆ ತಿರುಗಿಸಿ ತಾಗಿದ ತಕ್ಷಣ ನಿಲ್ಲಿಸಿ, ಜೋರು ಹಾಕಿದ್ರೆ ಒಳಗಿನ ಸೂಜಿ ಹಾಳಾಗತ್ತೆ. ನಾಲ್ಕೂ ಚಕ್ರ ಪೂರ್ತಿ ಸಡಿಲ ಮಾಡಿ ಒಂದು ಗೊತ್ತಿರೋ ರೋಡಲ್ಲಿ ಓಡಿಸಿ. 5 ಕಿಮೀ ಸಾಕು, ಅದರಲ್ಲಿ ಒಂದು ಹಂಪು, ಒಂದು ಸಾಲು ಗುಂಡಿ, ಒಂದು ಉದ್ದ ತಿರುವು ಇರ್ಲಿ. ಹಂಪ್ ದಾಟಿದ ಮೇಲೆ ಕಾರು ಎಷ್ಟು ಸಲ ತೂಗತ್ತೆ ಎಣಿಸಿ. ಎರಡು ಮೂರು ಸಲ ತೂಗಿದ್ರೆ ಮುಂದೆ ಎರಡು ಕ್ಲಿಕ್ಕು ಬಿಗಿ ಮಾಡಿ ಮತ್ತೆ ಅದೇ ರೋಡು, ಅದೇ ಸ್ಪೀಡು. ಒಂದೇ ಸಲ ಎದ್ದು ಕೂತು ಸುಮ್ಮನಾದಾಗ ನಿಲ್ಲಿಸಿ. ಆಮೇಲೆ ಹಿಂದಿನದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಒಂದು ಪುಸ್ತಕದಲ್ಲಿ ಬರ್ಕೊಳ್ಳಿ, ಟೈರ್ ಗಾಳಿ ಎಷ್ಟಿತ್ತು ಅಂತಾನೂ ಬರ್ಕೊಳ್ಳಿ ಯಾಕಂದ್ರೆ 3 ಪಿಎಸ್‌ಐ ಹೆಚ್ಚುಕಮ್ಮಿಯಾದ್ರೂ ನಿಮಗೆ ಕ್ಲಿಕ್ ಬದಲಾದಷ್ಟೇ ವ್ಯತ್ಯಾಸ ಕಾಣತ್ತೆ. ಒಂದು ಭಾನುವಾರದ ಬೆಳಗ್ಗೆ ಸಾಕು, ಆಮೇಲೆ ಆ ನಾಬ್ ಮುಟ್ಟೋ ಅವಶ್ಯಕತೆನೇ ಬರಲ್ಲ.

ಪ್ರಶ್ನೆ: ಕಾಲರ್ ಮೇಲಕ್ಕೆ ತಿರುಗಿಸಿ ಪ್ರೀಲೋಡ್ (ಕಾರಿನ ಭಾರ ಬೀಳೋ ಮುಂಚೆನೇ ಸ್ಪ್ರಿಂಗ್ ಅದುಮಿಡೋದು) ಜಾಸ್ತಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿಯಾಗತ್ತೆ ಅಂತ ನಮ್ಮ ಮೆಕ್ಯಾನಿಕ್ ಅಣ್ಣ ಹೇಳ್ತಾರೆ, ನಿಜಾನಾ?
(ತುಮಕೂರಿನ ಓದುಗರು)

ಉತ್ತರ: ಇಲ್ಲ. ಲೆಕ್ಕ ನೋಡಿ. 5 ಕೆಜಿ ಸ್ಪ್ರಿಂಗ್ ಮೇಲೆ 300 ಕೆಜಿ ಕೂತ್ರೆ 60 ಮಿಮೀ ಅದುಮತ್ತೆ. ನೀವು ಮೊದಲೇ 10 ಮಿಮೀ ಅದುಮಿ ಇಟ್ಟಿದ್ರೆ ಕಾರು ಕೆಳಗಿಳಿದಾಗ ಇನ್ನು 50 ಮಿಮೀ ಮಾತ್ರ ಅದುಮತ್ತೆ, ಒಟ್ಟು ಅದೇ 60. ಕಾರು 10 ಮಿಮೀ ಎತ್ತರ ಆಯ್ತು ಅಷ್ಟೆ, ಮುಂದಿನ 1 ಮಿಮೀ ಅದುಮೋಕೆ ಮೊದಲೂ 5 ಕೆಜಿ ಬೇಕಿತ್ತು ಈಗಲೂ 5 ಕೆಜಿನೇ. ಮೆಕ್ಯಾನಿಕ್ ಅಣ್ಣನಿಗೆ ಗಟ್ಟಿ ಅನ್ನಿಸಿರೋದಕ್ಕೂ ಕಾರಣ ಇದೆ: ಕಾಲರ್ ಏರಿಸ್ತಾ ಹೋದ ಹಾಗೆ ಕಂಬಿ ಹೊರಗೆ ಬಂದಿರತ್ತೆ, ಚಕ್ರ ಗುಂಡಿಗೆ ಇಳಿಯೋಕೆ ಉಳಿದಿರೋ ಜಾಗ ಕಮ್ಮಿಯಾಗತ್ತೆ, ಆಗ ಶಾಕಪ್ಸರ್ ಮೇಲ್ತುದಿಗೆ ತಾಗಿ ಟಕ್ ಅನ್ನತ್ತೆ. ಅದನ್ನೇ ಬಿಗಿ ಅಂದ್ಕೊಳ್ತೀವಿ. ಸ್ಪ್ರಿಂಗ್ ಕೈಯಲ್ಲಿ ಅಲ್ಲಾಡದ ಹಾಗೆ ಒಂದೆರಡು ಮಿಮೀ ಪ್ರೀಲೋಡ್ ಕೊಟ್ಟು, ಬ್ರಾಕೆಟ್ ಹೊಂದಿಸೋ ಸೆಟ್ಟಾದ್ರೆ ಎತ್ತರವನ್ನ ಕೆಳಗಿನ ಬ್ರಾಕೆಟ್ಟಲ್ಲೇ ಮಾಡ್ಕೊಳ್ಳಿ. ನಿಮ್ಮ ಮೆಕ್ಯಾನಿಕ್ ಅಣ್ಣನಿಗೆ ಈ ಪುಟ ತೋರಿಸಿ, ಕೈಕೆಲಸ ಬಲ್ಲವರಿಗೆ ಲೆಕ್ಕ ಹಿಡಿಸೋದು ಕಷ್ಟ ಅಲ್ಲ.

ಪ್ರಶ್ನೆ: ಆಕ್ಟೇವಿಯಾ ವಿಆರ್‌ಎಸ್ 245 ಕಾರನ್ನ 50 ಮಿಮೀ ಇಳಿಸಿದೆ, ನೋಡೋಕೆ ಬಹಳ ಚೆನ್ನಾಗಿದೆ. ಆದ್ರೆ ತಿರುವಲ್ಲಿ ಮೊದಲಿಗಿಂತ ಜಾಸ್ತಿ ವಾಲತ್ತೆ ಅನ್ನಿಸ್ತಿದೆ, ಮುಂದಿನ ಟೈರ್ ಒಳಗಡೆ ಅಂಚು 6 ಸಾವಿರ ಕಿಮೀಗೇ ತಂತಿ ಬಂತು. ಕಾರು ಕೆಳಗಿದ್ರೆ ವಾಲೋದು ಕಮ್ಮಿ ಆಗ್ಬೇಕಲ್ವಾ?
(ಮೈಸೂರಿನ ಓದುಗರು)

ಉತ್ತರ: ನಿಮ್ಮ ಅನುಮಾನ ಸರಿ, ಕಾರು ನಿಜವಾಗ್ಲೂ ಜಾಸ್ತಿ ವಾಲೋಕೆ ನೋಡ್ತಿದೆ. ಮುಂದಿನ ಚಕ್ರದ ಹಿಂದೆ ಬಗ್ಗಿ ಲೋಯರ್ ಆರ್ಮ್ ನೋಡಿ. ಕಂಪನಿ ಎತ್ತರದಲ್ಲಿ ಅದರ ಹೊರತುದಿ, ಅಂದ್ರೆ ಬಾಲ್ ಜಾಯಿಂಟ್ ಕಡೆ, ಸ್ವಲ್ಪ ಕೆಳಕ್ಕೆ ಅಥವಾ ಸಮ ಇರತ್ತೆ. 50 ಮಿಮೀ ಇಳಿಸಿದ ಮೇಲೆ ಹೊರತುದಿ ಮೇಲಕ್ಕೆ ಎದ್ದಿರತ್ತೆ. ಮ್ಯಾಕ್‌ಫರ್ಸನ್ ಕಾರಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲತ್ತೋ ಆ ರೋಲ್ ಸೆಂಟರ್ ಈ ಆರ್ಮಿನ ಇಳಿಜಾರಿನ ಮೇಲೆ ನಿಂತಿದೆ. ಕಾರಿನ ಭಾರದ ಬಿಂದು 50 ಮಿಮೀ ಇಳಿದ್ರೆ ರೋಲ್ ಸೆಂಟರ್ ಅದಕ್ಕಿಂತ ಜಾಸ್ತಿ ಇಳಿಯತ್ತೆ, ಎರಡರ ನಡುವಿನ ಅಂತರ ಹೆಚ್ಚಾಗತ್ತೆ, ಆ ಅಂತರಾನೇ ಕಾರನ್ನ ವಾಲಿಸೋ ಸನ್ನೆ. ಬಿಗಿ ಸ್ಪ್ರಿಂಗು ಅದನ್ನ ಸ್ವಲ್ಪ ಮಟ್ಟಿಗೆ ತಡೀತಿದೆ ಅಷ್ಟೆ. ಇದೇ ಕಾರಣಕ್ಕೆ ಸ್ಟೇರಿಂಗಿಂದ ಚಕ್ರಕ್ಕೆ ಹೋಗೋ ಟೈ ರಾಡಿನ ಕೋನಾನೂ ಕೆಟ್ಟು, ಚಕ್ರ ಎದ್ದು ಇಳಿದಾಗ ತಾನೇ ಎಡಬಲ ತಿರುಗೋಕೆ ಶುರುವಾಗತ್ತೆ, ಸ್ಟೇರಿಂಗ್ ಗಟ್ಟಿ ಹಿಡೀಬೇಕಾಗತ್ತೆ.

ಟೈರ್ ಒಳ ಅಂಚು ಹೋಗಿದ್ದಕ್ಕೆ ಎಲ್ಲರೂ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಅನ್ನ ಬೈತಾರೆ, ಇಷ್ಟು ಬೇಗ ತಂತಿ ಬಂದಿದೆ ಅಂದ್ರೆ ಮುಖ್ಯ ಅಪರಾಧಿ ಟೋ, ಅಂದ್ರೆ ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋದು. ಇಳಿಸಿದಾಗ ಟೋ ತಾನಾಗೇ ಬದಲಾಗತ್ತೆ, ಆಮೇಲೆ ಅಲೈನ್‌ಮೆಂಟ್ ಮಾಡಿಸದೇ ಓಡಿಸಿದ್ರೆ ಟೈರ್ ನೇರ ಉರುಳೋ ಬದಲು ಉಜ್ಜಿಕೊಂಡು ಹೋಗತ್ತೆ. ಫಿಟ್ಟಿಂಗ್ ದಿನ ಒಂದು ಸಲ, ಸ್ಪ್ರಿಂಗ್ ಕೂತ್ಕೊಂಡ ಮೇಲೆ ಸುಮಾರು 500 ಕಿಮೀಗೆ ಇನ್ನೊಂದು ಸಲ ಅಲೈನ್‌ಮೆಂಟ್ ಆಗ್ಲೇಬೇಕು. ಹಿಂದೆ ನಿಮ್ಮದು ಮಲ್ಟಿಲಿಂಕ್ (ಒಂದೊಂದು ಚಕ್ರಕ್ಕೂ ಹಲವು ತೋಳು), ಅಲ್ಲೂ ಟೋ, ಕ್ಯಾಂಬರ್ ಹೊಂದಿಸ್ಬೇಕು, ಬರೀ ಮುಂದಿನ ಎರಡು ಚಕ್ರ ಮಾಡಿ ಕಳಿಸೋ ಅಂಗಡಿಗೆ ಹೋಗ್ಬೇಡಿ.

ಒಂದು ವಿಷಯ ಮನಸ್ಸು ಬಿಚ್ಚಿ ಹೇಳ್ತೀನಿ. ತುಂಬಾ ವರ್ಷದ ಹಿಂದೆ ನಾನೂ ನನ್ನ ಹ್ಯಾಚ್‌ಬ್ಯಾಕನ್ನ 50 ಮಿಮೀ ಇಳಿಸಿದ್ದೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳೀತಿದ್ದೆ, ಹೆಂಡತಿ ಪಕ್ಕದಲ್ಲಿ, ಹಿಂದೆ ಲಗೇಜ್. ಒಂದು ಎಡ ತಿರುವಿನ ಮಧ್ಯದಲ್ಲಿ ಟಾರ್ ಕುಸಿದು ಸಣ್ಣ ತಗ್ಗಾಗಿತ್ತು, ಕಂಪನಿ ಸಸ್ಪೆನ್ಷನ್ ಆಗಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಹಿಂದಿನ ಹೊರ ಚಕ್ರ ಆ ತಗ್ಗಿಗೆ ಇಳಿದು ಏಳುವಾಗ ಸಸ್ಪೆನ್ಷನ್ ಪೂರ್ತಿ ಮುಗಿದು ಬಂಪ್ ಸ್ಟಾಪಿಗೆ ಹೊಡೀತು. ಆ ಕ್ಷಣಕ್ಕೆ ಅಲ್ಲಿ ಸ್ಪ್ರಿಂಗೇ ಇಲ್ಲ, ಕಾರಿನ ಭಾರ ಎಲ್ಲಾ ಒಂದು ರಬ್ಬರ್ ತುಂಡಿನ ಮೂಲಕ ನೇರ ಟೈರಿಗೆ, ಟೈರ್ ಹಿಡಿತ ಬಿಡ್ತು, ಹಿಂಭಾಗ ಒಂದು ಮೊಳ ಹೊರಗೆ ಜಾರಿ ಮತ್ತೆ ಕಚ್ಕೊಳ್ತು. ತಡೆಗೋಡೆ ಆಚೆ ಬರೀ ಮಂಜು ಕಾಣ್ತಿತ್ತು. ಕೆಳಗೆ ಇಳಿಯೋವರೆಗೂ ಇಬ್ಬರೂ ಮಾತಾಡ್ಲಿಲ್ಲ. ಮಾರನೇ ವಾರ ಕಾಲರ್ ಮೇಲಕ್ಕೆ ಹೋಯ್ತು, ಅವತ್ತಿಂದ ನನ್ನ ಕೈಲಿ ಬಂದ ಯಾವ ಕಾರನ್ನೂ ಟ್ರಾವೆಲ್ ಅಳೆಯದೇ ಇಳಿಸಿಲ್ಲ. ಕಂಪನಿ ಕಾರಲ್ಲಿ ಮೇಲಕ್ಕೆ 80 ಮಿಮೀ ಜಾಗ ಇದ್ರೆ 50 ಇಳಿಸಿದ ಮೇಲೆ ಉಳಿಯೋದು 30, ಆ ಮೂವತ್ತಲ್ಲಿ ನಾಲ್ಕು ಜನ, ಲಗೇಜು, ತಿರುವು, ಗುಂಡಿ ಎಲ್ಲಾ ಮುಗೀಬೇಕು.

ನಿಮ್ಮ ಕಾರನ್ನ ಕನಿಷ್ಠ 25 ಮಿಮೀ ಮೇಲೆತ್ತಿ. ಆರ್ಮ್ ಸಮಕ್ಕೆ ಬರೋವರೆಗೂ ಅಂತ ಗುರುತಿಟ್ಕೊಳ್ಳಿ, ಅದಕ್ಕಿಂತ ಒಳ್ಳೇ ಅಳತೆಪಟ್ಟಿ ಇಲ್ಲ. ಇಂಡಿಯಾಗೆ ಬಂದಿದ್ದೇ 200 ಕಾರು, ಅದರಲ್ಲೊಂದು ನಿಮ್ಮ ಹತ್ರ ಇದೆ, ಅದನ್ನ ಅದರ ಯೋಗ್ಯತೆಗೆ ತಕ್ಕ ಹಾಗೆ ಓಡಿಸಿ.

ಪ್ರಶ್ನೆ: ನಮ್ಮದು ಸಮುದ್ರದ ಬದಿ ಮನೆ. ಎರಡು ಮಳೆಗಾಲಕ್ಕೆ ಕಾಲರ್ ತುಕ್ಕು ಹಿಡಿದು ತಿರುಗುವುದೇ ಇಲ್ಲ ಮಾರಾಯ್ರೆ, ಏನು ಮಾಡುವುದು?
(ಸುರತ್ಕಲ್‌ನ ಓದುಗರು)

ಉತ್ತರ: ಬ್ರಷ್ಷಲ್ಲಿ ಮಣ್ಣು ತೆಗೆದು, ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ, ಬೆಳಗ್ಗೆ ಕಾರನ್ನ ಎತ್ತಿ ಸ್ಪ್ರಿಂಗ್ ಭಾರ ಇಳಿಸಿ ಆಮೇಲೆ ಸಿ-ಸ್ಪ್ಯಾನರ್ ಹಾಕಿ. ಸುತ್ತಿಗೆ ಹೊಡೆದು ಅಲ್ಯೂಮಿನಿಯಂ ಕಾಲರ್ ಒಡೆದವರು ಬಹಳ. ಬಿಡಿಸಿದ ಮೇಲೆ ಮೇಣದ ಥರದ ತುಕ್ಕುನಿರೋಧಕ ಹಚ್ಚಿ, ಗ್ರೀಸ್ ಬೇಡ, ಅದು ಮರಳನ್ನ ಹಿಡ್ಕೊಳ್ಳತ್ತೆ. ಮಳೆಗಾಲದ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಕಾಲರ್ ಒಂದು ಸುತ್ತು ಆ ಕಡೆ ಈ ಕಡೆ ತಿರುಗಿಸಿ ಅದೇ ಗುರುತಿಗೆ ತನ್ನಿ. ಮುಂದಿನ ಸಲ ತಗೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲ್ ಮೈ ಇರೋದು ನೋಡಿ, ಕೆಡಬ್ಲ್ಯೂ ಅವರ ಇನಾಕ್ಸ್ ಸಾಲು ಅದೇ. ಕರಾವಳಿಗೆ ಆ ಹೆಚ್ಚಿನ ದುಡ್ಡು ದಂಡ ಅಲ್ಲ.

ಪ್ರಶ್ನೆ: ನಾನು ಸ್ಟುಟ್‌ಗಾರ್ಟ್‌ನಲ್ಲಿ ಕೆಲಸದಲ್ಲಿದ್ದೀನಿ, ಇಲ್ಲಿ ಗಾಲ್ಫ್ ಜಿಟಿಐ ಇದೆ, ಡಿಸಿಸಿ (ಶಾಕಪ್ಸರ್ ಬಿಗಿಯನ್ನ ಎಲೆಕ್ಟ್ರಾನಿಕ್ ಆಗಿ ಬದಲಾಯಿಸೋ ವ್ಯವಸ್ಥೆ) ಇರೋದು. ಕಾಯ್ಲೋವರ್ ಹಾಕ್ಸಿದ್ರೆ ಟಿಯುವಿ ಪರೀಕ್ಷೆ (ಇಲ್ಲಿನ ವಾಹನ ತಪಾಸಣೆ) ಅಂತೆಲ್ಲಾ ಹೇಳ್ತಾರೆ. ಊರಿನ ಕಡೆ ಇದರ ಕಾನೂನು ಹೇಗಿದೆ?
(ಜರ್ಮನಿಯ ಓದುಗರು)

ಉತ್ತರ: ನೀವಿರೋ ಜಾಗ ಈ ವಿಷಯಕ್ಕೆ ಪುಣ್ಯದ ಜಾಗ, ಕೆಡಬ್ಲ್ಯೂ ಕಾರ್ಖಾನೆ ಇರೋ ಫಿಶ್ಟೆನ್‌ಬೆರ್ಗ್ ನಿಮಗೆ ದೂರ ಇಲ್ಲ. ಅಲ್ಲಿ ಸೆಟ್ ತಗೊಳ್ಳುವಾಗ ಟೈಲೆಗುಟಾಖ್ಟೆನ್ ಅನ್ನೋ ಪತ್ರ ಜೊತೆಗಿದ್ಯಾ ನೋಡಿ. ಯಾವ ಕಾರಿಗೆ, ಎಷ್ಟು ಎತ್ತರದವರೆಗೆ, ಯಾವ ಟೈರ್ ಅಳತೆಗೆ ಒಪ್ಪಿಗೆ ಅಂತ ಅದರಲ್ಲಿರತ್ತೆ. ಹಾಕ್ಸಿದ ಮೇಲೆ ಪರೀಕ್ಷೆಗೆ ಹೋಗಿ, ಅವರು ಚಕ್ರದ ಮಧ್ಯದಿಂದ ಫೆಂಡರ್ ಅಂಚಿನವರೆಗೆ ಅಳೆದು ಬರ್ಕೊಳ್ತಾರೆ, ಅದು ನಿಮ್ಮ ಕಾಗದಕ್ಕೆ ಸೇರತ್ತೆ. ಅಳತೆ ಮಾಡಿಸಿದ ಮೇಲೆ ಇನ್ನೂ ಇಳಿಸ್ಬೇಡಿ. ಡಿಸಿಸಿ ಶಾಕಪ್ಸರಿಗೆ ವೈರ್ ಇರತ್ತೆ, ಮಾಮೂಲಿ ಸೆಟ್ ಹಾಕಿದ್ರೆ ಡ್ಯಾಶ್‌ಬೋರ್ಡಲ್ಲಿ ಎಚ್ಚರಿಕೆ ದೀಪ ಉರಿಯತ್ತೆ, ಒಂದೋ ಅದಕ್ಕೆ ಹೊಂದೋ ಎಲೆಕ್ಟ್ರಾನಿಕ್ ಸೆಟ್ ತಗೊಳ್ಳಿ ಇಲ್ಲಾ ಡಿಸಿಸಿ ಸುಮ್ಮನಿರಿಸೋ ಮಾಡ್ಯೂಲ್ ಜೊತೆಗೆ ತಗೊಳ್ಳಿ.

ನಮ್ಮಲ್ಲಿ ಆ ಥರ ದಾರಿ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಕಾರನ್ನ ಬದಲಾಯಿಸೋ ಹಾಗಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು, ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಸೇರಿತು. ಕಾಯ್ಲೋವರ್ ಹಾಕ್ಸೋ ಎಲ್ಲರೂ ಇದನ್ನ ತಿಳ್ಕೊಂಡೇ ನಿರ್ಧಾರ ಮಾಡ್ಬೇಕು, ಇನ್ಶೂರೆನ್ಸ್ ಕಂಪನಿಗೂ ಬರವಣಿಗೇಲಿ ತಿಳಿಸಿ ಅವರ ಉತ್ತರವನ್ನೂ ಬರವಣಿಗೇಲೇ ತಗೋಬೇಕು. ಜರ್ಮನಿಯ ಹಾಗೆ ಅಳೆದು, ಪರೀಕ್ಷೆ ಮಾಡಿ, ಸುರಕ್ಷಿತವಾಗಿದ್ರೆ ಕಾಗದಕ್ಕೆ ಸೇರಿಸೋ ವ್ಯವಸ್ಥೆ ನಮ್ಮಲ್ಲೂ ಬರ್ಬೇಕು ಅನ್ನೋದು ನನ್ನ ಮನಸ್ಸಿನ ಆಸೆ. ಸ್ಪ್ರಿಂಗ್ ಕಟ್ ಮಾಡಿದವನನ್ನೂ ನೆಟ್ಟಗೆ ಕೆಲಸ ಮಾಡಿಸಿದವನನ್ನೂ ಒಂದೇ ತಕ್ಕಡೀಲಿ ಇಡೋದ್ರಿಂದ ರೋಡಿನ ಸುರಕ್ಷತೆ ಹೆಚ್ಚಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಸೆಟ್ ಒಂದು ಅರ್ಧ ರೇಟಿಗೆ ಸಿಗ್ತಿದೆ, ತಗೋಬಹುದಾ?
(ಶಿವಮೊಗ್ಗದ ಓದುಗರು)

ಉತ್ತರ: ಕಾರಿಂದ ಬಿಚ್ಚಿದ ಮೇಲೆ ಕಣ್ಣಾರೆ ನೋಡದೇ ದುಡ್ಡು ಕೊಡ್ಬೇಡಿ. ಕಂಬಿಯನ್ನ ಬಟ್ಟೇಲಿ ಒರೆಸಿ ಉಗುರು ಆಡಿಸಿ, ಉಗುರಿಗೆ ಸಿಗೋ ಗೀರು ಇದ್ರೆ ಅದು ಸೀಲ್ ತಿಂದೇ ತಿನ್ನತ್ತೆ. ಸ್ಪ್ರಿಂಗ್ ತೆಗೆಸಿ ಕಂಬಿಯನ್ನ ಪೂರ್ತಿ ಒಳಗೆ ತಳ್ಳಿ ಬಿಡಿ. ಗ್ಯಾಸ್ ಇರೋ ಮಾನೋಟ್ಯೂಬ್ ಆದ್ರೆ ತಾನಾಗೇ ನಿಧಾನವಾಗಿ ಪೂರ್ತಿ ಹೊರಗೆ ಬರತ್ತೆ, ಎಡಬಲ ಎರಡೂ ಒಂದೇ ವೇಗದಲ್ಲಿ ಬರ್ಬೇಕು, ಒಂದು ಒಳಗೇ ಉಳಿದ್ರೆ ಅದರ ಗ್ಯಾಸ್ ಹೋಗಿದೆ. ತಳ್ಳುವಾಗ ಮಧ್ಯದಲ್ಲಿ ಎಲ್ಲೋ ಒಂದು ಕಡೆ ಕೈಗೆ ತಡೆ ಸಿಗದೇ ಸಡಿಲ ಅನ್ನಿಸಿದ್ರೆ ಒಳಗೆ ಎಣ್ಣೆ ಕಮ್ಮಿಯಾಗಿದೆ ಅಥವಾ ವಾಲ್ವ್ ಕೆಟ್ಟಿದೆ. ಸ್ಪ್ರಿಂಗ್ ಮೇಲೆ ಬರೆದಿರೋ ನಂಬರ್ ಫೋಟೋ ತಗೊಂಡು ರೇಟ್ ಎಷ್ಟು ಅಂತ ಕಂಪನಿಗೆ ಕೇಳಿ. ಮಾರೋರು ಬೇರೆ ಸ್ಪ್ರಿಂಗ್ ಬದಲಾಯಿಸಿರೋದು ಎಷ್ಟೋ ಸಲ ಅಲ್ಲೇ ಗೊತ್ತಾಗತ್ತೆ. ಇವೆಲ್ಲಾ ಸರಿ ಇದ್ದು, ಆ ಕಂಪನಿ ಸೆಟ್ಟನ್ನ ಇಂಡಿಯಾದಲ್ಲೇ ಬಿಚ್ಚಿ ಸೀಲ್ ಹಾಕಿ ಕೊಡೋರು ಇದ್ರೆ ತಗೊಳ್ಳಿ, ರೀಬಿಲ್ಡ್ ಖರ್ಚನ್ನ ಈಗ್ಲೇ ಕೇಳಿ ಆ ಅರ್ಧ ರೇಟಿಗೆ ಸೇರಿಸಿ ನೋಡಿ.